ಭಟ್ಟಿಯ ಬಳಿ ಒಂದು ಪಾಠ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಹೋದ ಪ್ರವಾಸಿಗರಲ್ಲಿ ಅನೇಕರು ಹಗಲು ವಿಸ್ಕಿಯ ಭಟ್ಟಿಯನ್ನು ನೋಡುವರು. ಸಂಜೆ ಪಾನಗೃಹಗಳಲ್ಲಿ ಅದರ ರುಚಿ ನೋಡುವರು. ನಮ್ಮಲ್ಲಿ ಕೆಲವರಾದರೋ, ಮದ್ಯದ ಮನೆಯೆಂದು ಅತ್ತ ಸುಳಿಯುವುದೇ ಇಲ್ಲ. ನನ್ನ ಮತದಲ್ಲಿ ಇಬ್ಬರೂ ಮುಖ್ಯವಾದುದನ್ನು ಕಳೆದುಕೊಳ್ಳುತ್ತಾರೆ.

ಕ್ಲೈಡ್ ನದಿಯ ದಂಡೆಯ ಹಳೆಯ ಪಂಪುಮನೆಯೊಂದರಲ್ಲಿ 2017ರಲ್ಲಿ ಕ್ಲೈಡ್‌ಸೈಡ್ ಎಂಬ ಭಟ್ಟಿ ಆರಂಭವಾಯಿತು. ಮೊಳೆತ ಬಾರ್ಲಿಯಿಂದ ತೆಗೆದು ಹುದುಗಿಸಿದ ರಸವನ್ನು ಅಲ್ಲಿ ತಾಮ್ರದ ಹಂಡೆಗಳಲ್ಲಿ ಕುದಿಸುತ್ತಾರೆ. ನೀರು ಕುದಿಯುವುದು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಮದ್ಯಸಾರವಾದರೋ ಸುಮಾರು 78ರಲ್ಲಿ. ಆದುದರಿಂದ ಮೇಲೇಳುವ ಆವಿಯಲ್ಲಿ ಮದ್ಯಸಾರದ ಪಾಲು ರಸದಲ್ಲಿರುವುದಕ್ಕಿಂತ ಹೆಚ್ಚು. ಆ ಆವಿಯನ್ನು ಮತ್ತೆ ದ್ರವವಾಗಿಸಲು ತಣ್ಣೀರು ಹೇರಳವಾಗಿ ಬೇಕು. ಏಕೆಂದರೆ, ಆವಿಯು ದ್ರವವಾಗುವಾಗ ತನ್ನಲ್ಲಿ ಅಡಗಿದ್ದ ಉಷ್ಣವನ್ನೆಲ್ಲ ಹೊರಗೆಡಹುತ್ತದೆ. ಇದೇ ಗುಪ್ತೋಷ್ಣ. 1760ರ ದಶಕದಲ್ಲಿ ಜೋಸೆಫ್ ಬ್ಲ್ಯಾಕ್ ಅದನ್ನು ಅಳೆದು ಬೋಧಿಸಿದುದು ಇದೇ ನಗರದ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿಯೇ ಉಪಕರಣಗಳನ್ನು ಸರಿಪಡಿಸುತ್ತಿದ್ದ ಜೇಮ್ಸ್ ವಾಟನಿಗೆ 1765ರಲ್ಲಿ, ಉಗಿಯನ್ನು ಬೇರೆಯೇ ಪಾತ್ರೆಯಲ್ಲಿ ತಣಿಸುವ ಉಪಾಯ ಹೊಳೆಯಿತು.

ಇನ್ನು ಲೋಟದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮದ್ಯವನ್ನು 1988ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ವಿದ್ಯಾರ್ಥಿಯು ಭಟ್ಟಿಯನ್ನು ಕಣ್ತುಂಬ ನೋಡಲಿ. ಪಾನಗೃಹದ ಬಾಗಿಲಿನಿಂದ ಹಿಂದಿರುಗಿದರೆ ಅವನಿಗೆ ನಷ್ಟವೇನೂ ಇಲ್ಲ.