ಪ್ರಯೋಗ ನಡೀತಿರೋದು ಅಪ್ಪನ ಸೊಂಟದ ಮೇಲೆ

ನಮ್ಮ ಆಫೀಸಲ್ಲಿ ಒಂದು ಬಟನ್ನಿನ ಬಣ್ಣ ಬದಲಾಯಿಸಿದ್ರೂ ಟೆಸ್ಟಿಂಗ್ ಟೀಮಿನವರು ಸುಮ್ನೆ ಬಿಡಲ್ಲ. ಆದರೆ ಹುಳುಕಡ್ಡಿಗೆ ಹಚ್ಚುವ ಮುಲಾಮಿನ ವಿಷಯದಲ್ಲಿ ಈ ದೇಶ ಎಷ್ಟು ಉದಾರಿ ಅಂತ ಗೊತ್ತಾಗಿದ್ದು ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ.

ಅಪ್ಪ ಗದ್ದೆಯ ಕೆಸರಲ್ಲಿ ನಿಂತು ದುಡಿಯೋರು. ಸೊಂಟದ ಸುತ್ತ ಹುಳುಕಡ್ಡಿ ಎದ್ದಿತ್ತು. ಮೆಡಿಕಲ್ ಶಾಪಲ್ಲಿ "ತುರಿಕೆಗೆ ಏನಾದ್ರೂ ಕೊಡಪ್ಪಾ" ಅಂದಿದ್ದಾರೆ, ಅವನು ಒಂದು ಟ್ಯೂಬ್ ಕೊಟ್ಟಿದ್ದಾನೆ. ನಾಲ್ಕು ತಿಂಗಳಿಂದ ಅದೇ ನಡೀತಿದೆ. ಟ್ಯೂಬ್ ತಿರುಗಿಸಿ ಓದಿದೆ: ಕ್ಲೋಬೆಟಾಸೋಲ್, ಆಫ್ಲೋಕ್ಸಾಸಿನ್, ಆರ್ನಿಡಜೋಲ್, ಟರ್ಬಿನಾಫಿನ್. ಇದರಲ್ಲಿ ಶಿಲೀಂಧ್ರ ಕೊಲ್ಲೋದು ಕೊನೆಯದೊಂದೇ. ಆಫ್ಲೋಕ್ಸಾಸಿನ್ ಬ್ಯಾಕ್ಟೀರಿಯಾಕ್ಕೆ. ಆರ್ನಿಡಜೋಲ್ ಅಮೀಬಾದ ಭೇದಿಗೆ ಕೊಡೋ ಔಷಧ. ಅಪ್ಪನ ಸೊಂಟದಲ್ಲಿ ಅದಕ್ಕೇನು ಕೆಲಸ ಸ್ವಾಮಿ?

ಅಸಲಿ ಆಟ ಕ್ಲೋಬೆಟಾಸೋಲ್‌ದು. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತಿ ಪ್ರಬಲವಾದವುಗಳ ಪೈಕಿ ಅದೂ ಒಂದು. ರೋಗದ ವಿರುದ್ಧ ಚರ್ಮ ಮಾಡೋ ಹೋರಾಟವನ್ನೇ ಅದು ಅಡಗಿಸುತ್ತೆ. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತೆ, ಕೆಂಪು ಇಳಿಯುತ್ತೆ. ಶಿಲೀಂಧ್ರ ಮಾತ್ರ ಹಾಯಾಗಿ ಹರಡುತ್ತಾ ಹೋಗುತ್ತೆ. ಹಚ್ಚೋದು ಬಿಟ್ಟರೆ ದುಪ್ಪಟ್ಟಾಗಿ ವಾಪಸ್. ನಮ್ಮ ಕಸುಬಿನ ಮಾತಲ್ಲಿ ಹೇಳೋದಾದ್ರೆ, ಬಗ್ ಹಾಗೇ ಬಿಟ್ಟು ಎರರ್ ಮೆಸೇಜ್ ಮಾತ್ರ ಮುಚ್ಚಿಟ್ಟ ಹಾಗೆ.

ತುರಿಕೆ ನಿಂತಿತಾ ಅನ್ನೋದೇ ಇಲ್ಲಿ ಏಕೈಕ ಪರೀಕ್ಷೆ. ಆ ಪರೀಕ್ಷೆಯಲ್ಲಿ ಈ ಕಲಬೆರಕೆ ಯಾವಾಗಲೂ ಫಸ್ಟ್ ಕ್ಲಾಸ್! ಮುಲಾಮು ನಿಲ್ಲಿಸಿ ಕೆಲವು ವಾರ ಆದಮೇಲೆ ಶಿಲೀಂಧ್ರ ಉಳಿದಿದೆಯಾ ಅಂತ ನೋಡಬೇಕಲ್ಲವೇ? ಅದಕ್ಕೆ ರಾಕೆಟ್ ವಿಜ್ಞಾನವೇನೂ ಬೇಡ. ಚರ್ಮದ ಹೊಟ್ಟು ಕೆರೆದು, ಗಾಜಿನ ಮೇಲಿಟ್ಟು, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟರೆ ಸೂಕ್ಷ್ಮದರ್ಶಕದಲ್ಲಿ ಎಳೆಗಳು ಕಾಣುತ್ತವೆ. ನಾಲ್ಕು ತಿಂಗಳಲ್ಲಿ ಅಪ್ಪನಿಗೆ ಇದನ್ನು ಯಾರೂ ಮಾಡಿರಲಿಲ್ಲ.

"ಡಾಕ್ಟರ ಹತ್ರ ಹೋಗಬೇಕಿತ್ತು" ಅನ್ನೋ ಗೆಳೆಯರಿದ್ದಾರೆ. ಚರ್ಮದ ಡಾಕ್ಟರು ಇರೋದು ಜಿಲ್ಲಾ ಕೇಂದ್ರದಲ್ಲಿ. ಹೋಗಿ ಬಂದರೆ ಒಂದು ದಿನದ ಕೆಲಸ ಹಾಳು. ಅಪ್ಪನನ್ನು ಬೈಯೋಕೆ ನಾನು ತಯಾರಿಲ್ಲ. ಬೈಯಬೇಕಾದ್ದು ಇಂಥ ಮಿಶ್ರಣಕ್ಕೆ ಲೈಸೆನ್ಸ್ ಕೊಟ್ಟವರನ್ನ, ತಯಾರಿಸಿ ಮಾರೋರನ್ನ. 2018ರಲ್ಲಿ ಕೇಂದ್ರ ಸರ್ಕಾರ 328 ಮಿಶ್ರಣ ಔಷಧಗಳನ್ನು ನಿಷೇಧಿಸಿತು, ಅದರಲ್ಲಿ ಇಂಥ ಮುಲಾಮುಗಳೂ ಇದ್ದವು. ಅದೇ ವರ್ಷ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ ಅಂದಿತು. ಕಾಗದದ ಮೇಲೆ ಎಲ್ಲಾ ಸರಿ. ಅಪ್ಪನ ಹತ್ರ ಚೀಟಿ ಕೇಳಿದವರು ಯಾರು?

ಇದು ನಮ್ಮನೆ ಗೋಳು ಮಾತ್ರವೂ ಅಲ್ಲ. ಟರ್ಬಿನಾಫಿನ್‌ಗೂ ಸುಲಭಕ್ಕೆ ಬಗ್ಗದ ಶಿಲೀಂಧ್ರವೊಂದಕ್ಕೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಅಂತ ಹೆಸರಿಟ್ಟರು. ಹೆಸರಲ್ಲೇ ನಮ್ಮ ದೇಶ! ಈಗ ಯುರೋಪು, ಅಮೆರಿಕದಲ್ಲೂ ಸಿಕ್ಕಿದೆ.

ಕೊನೆಗೆ ನಾನೇ ಅಪ್ಪನ್ನ ಕರ್ಕೊಂಡು ಹೋದೆ. ಡಾಕ್ಟರು ಹೊಟ್ಟು ಕೆರೆದು ನೋಡಿ, ಸ್ಟೀರಾಯ್ಡ್ ಇಲ್ಲದ ಔಷಧ ಬರೆದುಕೊಟ್ಟರು. ಸೊಂಟದ ಚರ್ಮ ತೆಳುವಾಗಿ, ಬಿರಿದ ಗೆರೆಗಳು ಎದ್ದಿದ್ದವು. ಅವು ಪೂರ್ತಿ ಹೋಗಲ್ಲವಂತೆ. ಎರಡನೇ ವಾರ ಅಪ್ಪನ ಫೋನು:

"ಇದು ಬೇಗ ತುರಿಕೆ ನಿಲ್ಸಲ್ಲ ಕಣೋ. ಆ ಹಳೇ ಟ್ಯೂಬೇ ವಾಸಿ ಇತ್ತು."