ಹೋರೆ ನೋಡುವವರು ಊರಿನ ಸೂರ್ಯೋದಯ ನೋಡಲಿ

ಶುಕ್ರವಾರದ ರಾಹುಕಾಲ ಎಷ್ಟು ಹೊತ್ತಿಗೆ ಎಂದು ಯಾರನ್ನು ಕೇಳಿದರೂ ಹತ್ತೂವರೆಯಿಂದ ಹನ್ನೆರಡು ಎನ್ನುತ್ತಾರೆ. ಅಂಗಡಿ ಪೂಜೆಯಿರಲಿ, ಹೊಸ ಗಾಡಿ ಮನೆಗೆ ತರುವುದಿರಲಿ, ಹನ್ನೆರಡು ಹೊಡೆದ ಕೂಡಲೇ ಶುರು. ಶಾಸ್ತ್ರದ ಲೆಕ್ಕವನ್ನೇ ಹಿಡಿದು ಹೊರಟರೆ, ಬೆಂಗಳೂರಿನಲ್ಲಿ ವರ್ಷದ ಯಾವ ಶುಕ್ರವಾರವೂ ಆ ಹೊತ್ತಿಗೆ ರಾಹುಕಾಲ ಮುಗಿದಿರುವುದಿಲ್ಲ.

ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಪಾಲು ಮಾಡಿದಾಗ ಶುಕ್ರವಾರ ರಾಹುವಿಗೆ ಸಿಗುವುದು ನಾಲ್ಕನೆಯ ಪಾಲು. ಅದು ಮುಗಿಯುವುದು ಸರಿಯಾಗಿ ನಡುಹಗಲಿಗೆ. ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತಿಗೆ. ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ. ಆದ್ದರಿಂದ ಇಲ್ಲಿ ನಡುಹಗಲು ಸರಾಸರಿ 12.20ಕ್ಕೆ; ಫೆಬ್ರುವರಿ ನಡುವೆ 12.34ರ ಸುಮಾರಿಗೆ. ಮಂಗಳೂರಿನಲ್ಲಿ ಇನ್ನೂ ಹನ್ನೊಂದು ನಿಮಿಷ ತಡ. ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆಂದು ಹಾಕಿದ ಪಟ್ಟಿಗೆ ಇದಾವುದೂ ಗೊತ್ತಿಲ್ಲ.

ಹೋರೆಯ ಕಥೆಯೂ ಇದೇ.

ಏಳು ಗ್ರಹಗಳನ್ನು ನಿಧಾನಗತಿಯಿಂದ ವೇಗದ ಕಡೆಗೆ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂದು ಜೋಡಿಸಿ, ದಿನದ 24 ಹೋರೆಗಳನ್ನು ಸರದಿಯಲ್ಲಿ ಹಂಚುತ್ತಾರೆ. ಶನಿವಾರದ ಮೊದಲ ಹೋರೆ ಶನಿಯದು. ಮೂರು ಸುತ್ತು ಮುಗಿದು ಮೂರು ಹೋರೆ ಮಿಗುತ್ತವೆ. ಹಾಗಾಗಿ ಮರುದಿನದ ಮೊದಲ ಹೋರೆ ರವಿಗೆ, ಅದರ ಮರುದಿನದ್ದು ಚಂದ್ರನಿಗೆ. ಶನಿವಾರ, ಭಾನುವಾರ, ಸೋಮವಾರ ಎಂಬ ಕ್ರಮದ ಗುಟ್ಟು ಇಲ್ಲಿದೆ. 499ರ ಸುಮಾರಿಗೆ ರಚನೆಯಾದ ಆರ್ಯಭಟೀಯದಲ್ಲೇ ಈ ಲೆಕ್ಕವಿದೆ. ಜ್ಯೋತಿಷ್ಯವನ್ನು ಒಪ್ಪದವರೂ ಮೆಚ್ಚಬೇಕಾದ ಗಣಿತವಿದು. ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಟ್ಟರೂ ತಪ್ಪಿಲ್ಲ.

ಹೋರೆಯೆಂದರೆ ಅರುವತ್ತು ನಿಮಿಷ ಎಂದು ಹಿಡಿಯುವ ಪದ್ಧತಿಯೂ ಇದೆ, ಹಗಲನ್ನು ಹನ್ನೆರಡರಿಂದ ಭಾಗಿಸುವ ಪದ್ಧತಿಯೂ ಇದೆ. ಎರಡನೆಯದರಲ್ಲಿ ಬೆಂಗಳೂರಿನ ಹಗಲಿನ ಹೋರೆ ಜೂನ್ ಕೊನೆಗೆ ಸುಮಾರು 64 ನಿಮಿಷ, ಡಿಸೆಂಬರ್ ಕೊನೆಗೆ 57. ಯಾವ ಪದ್ಧತಿ ಹಿಡಿದರೂ ಎಣಿಕೆ ಶುರುವಾಗುವುದು ಸೂರ್ಯೋದಯದಿಂದ. ಗುರುವಾರ ಚಿನ್ನ ಕೊಳ್ಳಲು ಮಧ್ಯಾಹ್ನ ಒಂದಕ್ಕೆ ಗುರು ಹೋರೆ ಎಂದು ಅಂಗಡಿಗೆ ಹೋಗುವವರು, ಎರಡನೆಯ ಲೆಕ್ಕದಂತೆ ಜೂನ್‌ನಲ್ಲಿ ಇನ್ನೂ ಶನಿ ಹೋರೆಯಲ್ಲೇ ಇರುತ್ತಾರೆ.

ಊರು ಬದಲಾದರಂತೂ ಪಟ್ಟಿ ಪೂರ್ತಿ ಕೆಡುತ್ತದೆ. ಲಂಡನ್ನಿನಲ್ಲಿ ಜೂನ್ ಹಗಲು ಹದಿನಾರೂವರೆ ಗಂಟೆಗೂ ಹೆಚ್ಚು, ಡಿಸೆಂಬರ್ ಹಗಲು ಎಂಟು ಗಂಟೆಗೂ ಕಡಿಮೆ. ಅಲ್ಲಿ ರಾಹುಕಾಲ ಬೇಸಿಗೆಯಲ್ಲಿ ಎರಡು ಗಂಟೆ ದಾಟುತ್ತದೆ, ಚಳಿಗಾಲದಲ್ಲಿ ಒಂದು ಗಂಟೆಯೂ ತುಂಬುವುದಿಲ್ಲ. ಅಲ್ಲಿನ ಕನ್ನಡಿಗರು ಊರಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದೂವರೆ ಗಂಟೆಯ ಪಟ್ಟಿ ನೋಡಿ ಗೃಹಪ್ರವೇಶದ ಹೊತ್ತು ಇಟ್ಟರೆ, ಅದು ನಂಬಿಕೆಗೂ ನ್ಯಾಯವಲ್ಲ, ಗಣಿತಕ್ಕೂ ಅಲ್ಲ.

ಗ್ರಹದ ಹೋರೆ ಫಲ ಕೊಡುತ್ತದೆ ಎನ್ನಲು ವಿಜ್ಞಾನದ ಆಧಾರವಿಲ್ಲ. ಆಸ್ಪತ್ರೆಗೆ ಹೊರಡುವುದನ್ನು ಇದಕ್ಕಾಗಿ ಒಂದು ನಿಮಿಷವೂ ತಡ ಮಾಡಬಾರದು. ಆದರೂ ನಂಬಿ ನಡೆಯುವ ಮನೆಗಳು ಲಕ್ಷಾಂತರ. ಅವರಿಗೆ ಸರಿಯಾದ ಲೆಕ್ಕ ಸಿಗಲಿ. ಕ್ಯಾಲೆಂಡರ್ ಮುದ್ರಿಸುವವರು ಆ ಹಳೆಯ ಪಟ್ಟಿಯ ಜಾಗದಲ್ಲಿ ಜಿಲ್ಲಾವಾರು ಸೂರ್ಯೋದಯ, ಸೂರ್ಯಾಸ್ತದ ವೇಳೆಯನ್ನು ಅಚ್ಚು ಹಾಕಲಿ. ಉಳಿದ ಭಾಗಾಕಾರವನ್ನು ಮನೆಯವರೇ ಮಾಡಿಕೊಳ್ಳಬಲ್ಲರು.