ಕಲಾ ವಿದ್ಯಾರ್ಥಿಗೆ ಜೀವಶಾಸ್ತ್ರ ಬೇಡವೇ?

ನಮ್ಮ ಶಿಕಾರಿಪುರದ ನೆರೆಯ ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಎಂಬ ಊರಿದೆ. ಪ್ರಪಂಚದ ವೈದ್ಯಗ್ರಂಥಗಳಲ್ಲಿ ಆ ಹೆಸರು ಅಚ್ಚಾಗಿದೆ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು; ಸುತ್ತಲಿನ ಹಳ್ಳಿಗರು ಜ್ವರದಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು, ಉಣುಗಿನ ಕಡಿತದಿಂದ ಹರಡುವ ಹೊಸ ವೈರಸ್ಸೊಂದನ್ನು ಕಂಡುಹಿಡಿದರು. ನಾವು ಮಂಗನ ಕಾಯಿಲೆ ಎನ್ನುವುದು ಅದನ್ನೇ.

ಕಾಡಿಗೆ ಹೋಗುವವರು ಮೈಗೆ ಹಚ್ಚಿಕೊಳ್ಳಲೆಂದು ಎಣ್ಣೆ ಕೊಡುವುದುಂಟು. ಒಮ್ಮೆ ನನ್ನ ತಾಯಿ ಕೇಳಿದರು: "ಈ ಉಣುಗು ದನದ್ದೋ, ಮಂಗದ್ದೋ?" ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ, ನನಗೆ ಉತ್ತರ ತಿಳಿಯಲಿಲ್ಲ. ದೊಡ್ಡ ಉಣುಗು ದನದ ರಕ್ತ ಕುಡಿದು ಸಂತಾನ ಬೆಳೆಸುತ್ತದೆ; ಕಾಯಿಲೆ ಬಿದ್ದ ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ನೆಲಕ್ಕುದುರುತ್ತವೆ; ಮನುಷ್ಯನನ್ನು ಕಡಿಯುವುದು ಹೆಚ್ಚಾಗಿ ಇನ್ನೂ ಬೆಳೆಯದ ಮರಿ ಉಣುಗು. ಇಷ್ಟನ್ನು ಆಮೇಲೆ ನಾನೇ ಹುಡುಕಿ ಓದಿದೆ. ತರಗತಿಯಲ್ಲಿ ಓದಲು ನನಗೆ ಅರ್ಹತೆ ಇರಲಿಲ್ಲ.

ಅರ್ಹತೆಯ ನಿಯಮ ಸರಳವಾದುದೇ. ಬಿ.ಎಸ್‌ಸಿ.ಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳನ್ನು ತೆಗೆದುಕೊಳ್ಳಬೇಕಾದರೆ ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿರಬೇಕು. ಈ ನಿಯಮವನ್ನು ನಾನು ದೂರುವುದಿಲ್ಲ. ರಸಾಯನಶಾಸ್ತ್ರದ ಗಂಧವಿಲ್ಲದವನು ಜೀವಕೋಶದ ವ್ಯಾಪಾರವನ್ನು ಆಳವಾಗಿ ತಿಳಿಯಲಾರನು. ನನ್ನ ತಕರಾರು ಕಾಲದ ಬಗ್ಗೆ. ಹತ್ತನೆಯ ತರಗತಿ ಮುಗಿಸಿದ ಹುಡುಗನು ಅರ್ಜಿಯಲ್ಲಿ 'ಕಲಾ' ಎಂದು ಬರೆದೊಡನೆ ಈ ಬಾಗಿಲು ಮುಚ್ಚಿಹೋಗುತ್ತದೆ. ಅದನ್ನು ಹೇಳುವವರು ನಮ್ಮಂಥವರ ಮನೆಗಳಲ್ಲಿ ಯಾರಿದ್ದಾರೆ? ಇನ್ನೂ ಒಂದು ಮಾತನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳಬೇಕು. ನಮ್ಮಲ್ಲಿ ಅನೇಕರು ಇತಿಹಾಸದ ಮೇಲಿನ ಪ್ರೇಮದಿಂದ ಕಲಾ ವಿಭಾಗಕ್ಕೆ ಬಂದವರಲ್ಲ, ಇಂಗ್ಲಿಷಿನ ಭಯದಿಂದ ಬಂದವರು. 'ದ್ಯುತಿಸಂಶ್ಲೇಷಣೆ'ಯನ್ನು ಕನ್ನಡದಲ್ಲಿ ಚೆನ್ನಾಗಿಯೇ ಬಲ್ಲವರು, ಅದೇ ಪಾಠ ಬೇರೆ ಭಾಷೆಯಲ್ಲಿ ಬರುವುದೆಂದು ತಿಳಿದು ಹಿಂಜರಿದರು.

ಅಮೆರಿಕದ ಅನೇಕ ಕಾಲೇಜುಗಳಲ್ಲಿ ಪ್ರಧಾನ ವಿಷಯವನ್ನು ಎರಡನೆಯ ವರ್ಷದ ಕೊನೆಯ ಹೊತ್ತಿಗೆ ನಿಶ್ಚಯಿಸಿದರೆ ಸಾಕಂತೆ. ಜೀವಶಾಸ್ತ್ರ ಪ್ರಧಾನವಾದರೆ ರಸಾಯನಶಾಸ್ತ್ರವನ್ನೂ ಒಂದಿಷ್ಟು ಗಣಿತವನ್ನೂ ಓದಲೇಬೇಕು. ಉಪವಿಷಯವಾದರೆ ಹೊರೆ ಕಡಿಮೆ. ಇತಿಹಾಸದ ವಿದ್ಯಾರ್ಥಿಯೂ ಅದನ್ನು ಆರಿಸಿಕೊಳ್ಳಬಹುದು. ನಮ್ಮ ರಾಜ್ಯದಲ್ಲಿಯೂ 2021-22ರಲ್ಲಿ ಹೊಸ ಶಿಕ್ಷಣ ನೀತಿ ಬಂದಾಗ 'ಮುಕ್ತ ಆಯ್ಕೆ' ಎಂಬ ಪತ್ರಿಕೆಗಳ ಮೂಲಕ ಬೇರೆ ವಿಭಾಗದ ವಿಷಯ ಓದಲು ಅವಕಾಶವಾಯಿತು. 2024-25ರಲ್ಲಿ ಆ ನೀತಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದರು. ಅದು ಹೋದದ್ದಕ್ಕೆ ಅತ್ತು ಫಲವಿಲ್ಲ. ಜೀವಶಾಸ್ತ್ರದ ಅಧ್ಯಾಪಕರೇ ಇಲ್ಲದ ಕಾಲೇಜಿನಲ್ಲಿ ಮುಕ್ತ ಆಯ್ಕೆಯೆಂದರೆ, ಅಂಗಡಿಯಿಲ್ಲದ ಊರಿನಲ್ಲಿ ಕೈತುಂಬ ಹಣವಿದ್ದಂತೆ.

ನಾನು ಕೇಳುವುದು ಒಂದೇ ಒಂದು ಪತ್ರಿಕೆ. ಪಿ.ಯು.ಸಿ. ಪಾಸಾಗಿದ್ದರೆ ಅದಕ್ಕೆ ಸಾಕೆಂದಿರಬೇಕು. ಪಾಠ ಕನ್ನಡದಲ್ಲಿ ನಡೆಯಬೇಕು. ಸೊರಬದ ಕಾನುಗಳ ಮರಗಳು, ಗುಡವಿಯ ಕೆರೆಗೆ ಬರುವ ಹಕ್ಕಿಗಳು, ಭತ್ತದ ಹುಳುಗಳು, ಉಣುಗು, ಇವೇ ಅದರ ಪಾಠಗಳು. ಪ್ರಯೋಗಶಾಲೆಯಿಲ್ಲದೆ ಕಲಿಸಿದರೆ ಅದು ಬರೀ ಸಾಮಾನ್ಯ ಜ್ಞಾನವಾದೀತೆಂದು ಬಲ್ಲವರು ಆಕ್ಷೇಪಿಸಬಹುದು. ಅರ್ಧ ನಿಜ. ಆದರೆ ಕೆಲವು ಭೂತಗನ್ನಡಿಗಳೂ ಒಂದೆರಡು ಸೂಕ್ಷ್ಮದರ್ಶಕಗಳೂ ಸರ್ಕಾರಿ ಕಾಲೇಜಿಗೆ ನಿಲುಕದ ವಸ್ತುಗಳಲ್ಲ.

ಲಾಭ ಜೀವಶಾಸ್ತ್ರಕ್ಕೂ ಉಂಟು. ಮರಿ ಉಣುಗು ಹೆಚ್ಚುವುದು ಚಳಿಗಾಲದಿಂದ ಬೇಸಗೆಯವರೆಗೆ. ನಮ್ಮವರು ತರಗೆಲೆ ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವುದೂ ಆಗಲೇ. ಯಾರು ಹೋಗುತ್ತಾರೆ, ಯಾವ ಬಡತನ ಅವರನ್ನು ಕಳಿಸುತ್ತದೆ ಎಂಬುದು ಅರ್ಥಶಾಸ್ತ್ರದ ಪ್ರಶ್ನೆ. ಅದನ್ನು ಕೇಳಬಲ್ಲವನಿಗೆ ಉಣುಗು ತಿಳಿಯದು, ಉಣುಗು ತಿಳಿದವನು ಅದನ್ನು ಕೇಳುವುದಿಲ್ಲ.

ಅಸಹಕಾರ ಚಳವಳಿಯಲ್ಲಿ ಕಾಲೇಜು ಬಿಟ್ಟ ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆಯಲಿಲ್ಲವೇ, ನೀನೂ ಸ್ವಂತವಾಗಿ ಓದಿಕೊ ಎಂದು ಗೆಳೆಯನೊಬ್ಬ ಹಾಸ್ಯ ಮಾಡಿದ. ಎಲ್ಲರೂ ಕಾರಂತರಾಗಲಾರರು, ಉಳಿದವರಿಗೆ ಅಧ್ಯಾಪಕರು ಬೇಕು. ನನಗಂತೂ ಇದು ಕೊನೆಯ ವರ್ಷ. ಇಂಥ ಪತ್ರಿಕೆ ಮುಂದೆ ಎಂದಾದರೂ ಬಂದರೆ, ಊರಿನವನಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂರಲು ಅಧ್ಯಾಪಕರ ಅಪ್ಪಣೆಯನ್ನು ಈಗಲೇ ಬೇಡುತ್ತೇನೆ.